ಕೀಲಿ ಯಾರ ಕೈಯಲ್ಲಿದೆ?

ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬಾತ ಶವಸಂಸ್ಕಾರದ ಏರ್ಪಾಡು ಮಾಡಿಕೊಡುವ ವ್ಯಾಪಾರ ನಡೆಸುತ್ತಿದ್ದ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳವು. ಆಗ ಫೋನ್ ಎತ್ತಿದರೆ ಮೊದಲು ಸಿಗುತ್ತಿದ್ದದ್ದು ಎಕ್ಸ್‌ಚೇಂಜಿನ ಆಪರೇಟರ್. ಯಾರು ಬೇಕೆಂದು ಆಕೆಗೆ ಹೇಳಬೇಕು, ಆಕೆ ತಂತಿ ಚುಚ್ಚಿ ಇಬ್ಬರನ್ನೂ ಜೋಡಿಸಬೇಕು. ಸಾವಾದ ಮನೆಯವರು ತನ್ನ ಅಂಗಡಿಯನ್ನು ಕೇಳಿದರೂ ಆಪರೇಟರ್ ಆ ಕರೆಯನ್ನು ಎದುರಾಳಿಯ ಅಂಗಡಿಗೆ ತಿರುಗಿಸುತ್ತಿದ್ದಾಳೆ ಎಂಬ ಗುಮಾನಿ ಸ್ಟ್ರೌಜರನಿಗೆ ಹುಟ್ಟಿತಂತೆ; ಟೆಲಿಫೋನಿನ ಚರಿತ್ರೆ ಬರೆದವರೆಲ್ಲ ಈ ಕಥೆ ಹೇಳುತ್ತಾರೆ. ಗುಮಾನಿ ನಿಜವಿತ್ತೋ ಇಲ್ಲವೋ, ಫಲವಂತೂ ನಿಜ. ಆಪರೇಟರ್ ಇಲ್ಲದೆಯೇ ಕರೆ ಜೋಡಿಸುವ ಯಂತ್ರಕ್ಕೆ ಆತ 1891ರ ಮಾರ್ಚ್ 10ರಂದು ಪೇಟೆಂಟ್ ಪಡೆದ. ಮರುವರ್ಷ ಇಂಡಿಯಾನಾದ ಲಾ ಪೋರ್ಟ್ ಎಂಬ ಊರಿನಲ್ಲಿ ಅಂಥ ಮೊದಲ ಎಕ್ಸ್‌ಚೇಂಜ್ ಕೆಲಸ ಶುರುಮಾಡಿತು.

ವ್ಯಾಪಾರದ ಫೋನಿನ ಸುರಕ್ಷತೆಯ ಪ್ರಶ್ನೆ ಟೆಲಿಫೋನಿನಷ್ಟೇ ಹಳೆಯದು ಎಂಬುದಕ್ಕೆ ಸ್ಟ್ರೌಜರನೇ ಸಾಕ್ಷಿ. ನಡುವೆ ಕುಳಿತವರಿಗೆ ಎಲ್ಲ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಅವರು ಬಳಸಿಕೊಳ್ಳಲೂಬಹುದು. ಆತ ನಡುವಿನ ಮನುಷ್ಯರನ್ನು ತೆಗೆದ, ಆದರೆ ನಡುವೆಂಬ ಜಾಗ ಹಾಗೇ ಉಳಿಯಿತು. ಇವತ್ತು ಆ ಜಾಗದಲ್ಲಿ ದೂರವಾಣಿ ಕಂಪನಿಗಳ ಜಾಲವಿದೆ, ಕ್ಲೌಡ್ ಸರ್ವರುಗಳಿವೆ, ಕರೆ ರೆಕಾರ್ಡ್ ಮಾಡುವ ತಂತ್ರಾಂಶಗಳಿವೆ. ಕಚೇರಿಯ ಫೋನು ಮೇಜಿನಿಂದ ಎದ್ದು ನೌಕರರ ಜೇಬಿನ ಆ್ಯಪ್ ಆಗಿದೆ. ಆ ಆ್ಯಪಿನ ಜಾಹೀರಾತಿನಲ್ಲಿ ‘ಸುರಕ್ಷಿತ’ ಎಂಬ ಮಾತು ಇದ್ದೇ ಇರುತ್ತದೆ. ಆ ಮಾತನ್ನು ಒರೆಗೆ ಹಚ್ಚಲು ಒಂದೇ ಒಂದು ಪ್ರಶ್ನೆ ಸಾಕು: ಮಾತನ್ನು ಬಿಡಿಸುವ ಕೀಲಿ ಯಾರ ಕೈಯಲ್ಲಿದೆ?

ಒಂದು ಕರೆಯ ಹಾದಿ

ಕಚೇರಿಯ ಆ್ಯಪಿನಿಂದ ಕರೆ ಮಾಡಿದಾಗ ಏನಾಗುತ್ತದೆ? ಮೊದಲ ಹೆಜ್ಜೆ ಸಿಪ್ ಎಂಬ ಶಿಷ್ಟಾಚಾರದ್ದು. 1999ರಲ್ಲಿ ಅಂತರಜಾಲದ ಮಾನಕವಾಗಿ ಹೊರಬಂದು 2002ರಲ್ಲಿ ಪರಿಷ್ಕಾರಗೊಂಡ ಇದು ಕರೆಯನ್ನು ಹೂಡುವ, ರಿಂಗ್ ಮಾಡಿಸುವ, ಮುಗಿಸುವ ಭಾಷೆ. ಯಾರು ಯಾರನ್ನು ಕರೆಯುತ್ತಿದ್ದಾರೆ, ಯಾವ ವಿಳಾಸಕ್ಕೆ ಧ್ವನಿ ಕಳಿಸಬೇಕು ಎಂಬುದೆಲ್ಲ ಇದರಲ್ಲಿ ಸಾದಾ ಅಕ್ಷರಗಳಲ್ಲೇ ಇರುತ್ತದೆ. ಆ ಕಡೆಯವರು ಕರೆ ಎತ್ತಿಕೊಂಡ ಮೇಲೆ ಧ್ವನಿಯ ಸರದಿ. ಮೈಕಿಗೆ ಬಿದ್ದ ಮಾತನ್ನು ಆ್ಯಪ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಹಿಂಡಿ ಚಿಕ್ಕದಾಗಿಸಿ, ಒಂದೊಂದನ್ನೂ ಪ್ಯಾಕೆಟ್ ಮಾಡಿ ಕಳಿಸುತ್ತದೆ. ಸೆಕೆಂಡಿಗೆ 50 ಪ್ಯಾಕೆಟ್. ‘ನಮಸ್ಕಾರ’ ಎಂದು ಬಾಯಿ ಮುಚ್ಚುವಷ್ಟರಲ್ಲಿ ಹತ್ತಾರು ಪ್ಯಾಕೆಟ್‌ಗಳು ಹೊರಟುಹೋಗಿರುತ್ತವೆ.

ಫೋನು ಜೇಬಿನಲ್ಲಿ ನಿದ್ದೆಯಲ್ಲಿದ್ದರೆ ಇನ್ನೊಂದು ಹೆಜ್ಜೆ ಸೇರುತ್ತದೆ. ಎಲ್ಲ ಆ್ಯಪ್‌ಗಳೂ ಸದಾ ಎಚ್ಚರವಾಗಿ ಕಾಯುತ್ತಿದ್ದರೆ ಬ್ಯಾಟರಿ ಉಳಿಯುವುದಿಲ್ಲ. ಹಾಗಾಗಿ ಒಳಬರುವ ಕರೆಯ ಸುದ್ದಿ ಆ್ಯಪಲ್ ಅಥವಾ ಗೂಗಲ್‌ನ ಪುಶ್ ಸೇವೆಯ ಮೂಲಕ ಬಂದು ಆ್ಯಪನ್ನು ಎಬ್ಬಿಸುತ್ತದೆ. ಕಚೇರಿಯ ಕರೆಯಲ್ಲಿ ಮೂರನೆಯ ಕಂಪನಿಯೊಂದು ಕಾಲಿಡುವುದು ಹೀಗೆ. ಸರ್ಕಾರಗಳು ಈ ಪುಶ್ ದಾಖಲೆಗಳನ್ನು ಕೇಳಿ ಪಡೆಯುತ್ತಿವೆ ಎಂದು ಅಮೆರಿಕದ ಸೆನೆಟರ್ ರಾನ್ ವೈಡನ್ 2023ರ ಡಿಸೆಂಬರಿನಲ್ಲಿ ಬಹಿರಂಗವಾಗಿ ಬರೆದರು. ಒಳ್ಳೆಯ ಆ್ಯಪ್ ಈ ಹಾದಿಯಲ್ಲಿ ‘ಏಳು’ ಎಂಬ ಸೂಚನೆಯನ್ನಷ್ಟೇ ಕಳಿಸುತ್ತದೆ. ಕರೆದವರ ಹೆಸರಾಗಲಿ ಸಂದೇಶದ ಸಾಲಾಗಲಿ ಅದರಲ್ಲಿ ಇರುವುದಿಲ್ಲ.

ಸಿಪ್ ಅಕ್ಷರಗಳನ್ನು ಮುಚ್ಚಲು ಟಿಎಲ್ಎಸ್ ಇದೆ. ಬ್ಯಾಂಕಿನ ಜಾಲತಾಣದಲ್ಲಿ ಕಾಣುವ ಬೀಗದ ಗುರುತು ಇದರದ್ದೇ. ಧ್ವನಿಯ ಪ್ಯಾಕೆಟ್‌ಗಳನ್ನು ಮುಚ್ಚಲು 2004ರಲ್ಲಿ ಮಾನಕವಾದ ಎಸ್ಆರ್‌ಟಿಪಿ ಇದೆ. ಎರಡೂ ಗಟ್ಟಿ. ಇವುಗಳಿಂದಾಗಿ ಹೋಟೆಲಿನ ವೈಫೈಯಲ್ಲಿ ಕುಳಿತ ಕಳ್ಳನಿಗೆ ಏನೂ ಕೇಳಿಸುವುದಿಲ್ಲ. ಆದರೆ ಕಂಪನಿಯ ಎಕ್ಸ್‌ಚೇಂಜ್ ಕೆಲಸ ಮಾಡುವ ಕ್ಲೌಡ್ ಸರ್ವರಿನಲ್ಲಿ ಮಾತು ಒಮ್ಮೆ ಬಿಚ್ಚಿಕೊಂಡು, ಮತ್ತೆ ಮುಚ್ಚಿಕೊಂಡು ಮುಂದಕ್ಕೆ ಹೋಗುತ್ತದೆ. ದಾರಿಯ ಪ್ರತಿ ಅಂಚೆ ಕಚೇರಿಯಲ್ಲೂ ಲಕೋಟೆ ಒಡೆದು ಹೊಸ ಲಕೋಟೆಗೆ ಹಾಕಿ ಅಂಟಿಸಿದಂತೆ. ಇದು ಮೋಸವಲ್ಲ, ಅಗತ್ಯ. ‘ಮಾರಾಟ ವಿಭಾಗಕ್ಕೆ ಒಂದನ್ನು ಒತ್ತಿ’ ಎನ್ನುವುದಕ್ಕೆ, ಕರೆಯನ್ನು ರೆಕಾರ್ಡ್ ಮಾಡುವುದಕ್ಕೆ, ಆ್ಯಪೇ ಇಲ್ಲದ ಗ್ರಾಹಕರ ಸಾದಾ ಫೋನಿಗೆ ಜೋಡಿಸುವುದಕ್ಕೆ ನಡುವಿನ ಯಂತ್ರಕ್ಕೆ ಧ್ವನಿ ಸಿಗಲೇಬೇಕು.

ಟ್ಯಾಕ್ಸಿ ಚಾಲಕರಿಗೆ ನಮ್ಮ ನಂಬರ್ ಕಾಣಿಸದೆ ಕರೆ ಬರುವ ಏರ್ಪಾಡಿನಲ್ಲೂ ಇದೇ ತತ್ವವಿದೆ. ಬೆಂಗಳೂರಿನ ಎಕ್ಸೋಟೆಲ್‌ನಂಥ ಕಂಪನಿಗಳು ಒದಗಿಸುವ ಈ ಸೇವೆಯಲ್ಲಿ ಇಬ್ಬರ ಕರೆಗಳೂ ನಡುವಿನ ಮೂರನೆಯ ನಂಬರಿಗೆ ಬಂದು ಅಲ್ಲಿ ಬೆಸೆದುಕೊಳ್ಳುತ್ತವೆ. ಪ್ರಯಾಣ ಮುಗಿದ ಮೇಲೆ ಯಾರೂ ಯಾರ ಬೆನ್ನೂ ಹತ್ತಲಾಗದು. ರಾತ್ರಿ ಒಬ್ಬರೇ ಪ್ರಯಾಣಿಸುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ರಕ್ಷಣೆ. ಆದರೆ ಇಲ್ಲಿ ಗುಟ್ಟಾಗಿ ಉಳಿಯುವುದು ನಂಬರ್ ಮಾತ್ರ. ಬೆಸೆಯುವ ಯಂತ್ರಕ್ಕೆ ಮಾತು ಗುಟ್ಟಲ್ಲ.

ಹಳೆಯ ಜಾಲದ ಬಿರುಕು

ಕರೆ ಸಾದಾ ಫೋನಿನ ಜಾಲಕ್ಕೆ ಇಳಿದೊಡನೆ ರಕ್ಷಣೆ ಇನ್ನಷ್ಟು ತೆಳುವಾಗುತ್ತದೆ. ಜಗತ್ತಿನ ಫೋನ್ ಕಂಪನಿಗಳು ಪರಸ್ಪರ ಮಾತಾಡಿಕೊಳ್ಳುವ ಎಸ್ಎಸ್7 ಎಂಬ ವ್ಯವಸ್ಥೆ ರೂಪುಗೊಂಡದ್ದು 1970ರ ದಶಕದಲ್ಲಿ. ಕೆಲವೇ ದೊಡ್ಡ ಕಂಪನಿಗಳು ಒಂದನ್ನೊಂದು ನಂಬಿಕೊಂಡಿದ್ದ ಕಾಲ. ‘ಈ ಚಂದಾದಾರ ಈಗ ನನ್ನ ಜಾಲದಲ್ಲಿದ್ದಾನೆ, ಅವನ ಕರೆ, ಎಸ್ಎಂಎಸ್ ಇತ್ತ ಕಳಿಸಿ’ ಎಂದು ಒಂದು ಜಾಲ ಹೇಳಿದರೆ ಇನ್ನೊಂದು ಪ್ರಶ್ನಿಸದೆ ನಂಬುತ್ತಿತ್ತು. ಇದನ್ನು ದುರುಪಯೋಗ ಮಾಡಿಕೊಂಡು ಕರೆ ಕದ್ದು ಕೇಳಬಹುದು ಎಂಬುದನ್ನು ಜರ್ಮನಿಯ ಸಂಶೋಧಕರಾದ ಟೋಬಿಯಾಸ್ ಎಂಗೆಲ್ ಮತ್ತು ಕಾರ್ಸ್ಟನ್ ನೋಲ್ 2014ರಲ್ಲಿ ತೋರಿಸಿಕೊಟ್ಟರು. 2017ರಲ್ಲಿ ಅದೇ ಜರ್ಮನಿಯಲ್ಲಿ ಕಳ್ಳರು ಇದೇ ದಾರಿಯಿಂದ ಬ್ಯಾಂಕಿನ ಒಟಿಪಿ ಸಂದೇಶಗಳನ್ನು ತಮ್ಮತ್ತ ತಿರುಗಿಸಿಕೊಂಡು ಗ್ರಾಹಕರ ಖಾತೆ ಬರಿದುಮಾಡಿದರು.

2024ರಲ್ಲಿ ಇನ್ನೂ ದೊಡ್ಡ ಆಘಾತವಾಯಿತು. ‘ಸಾಲ್ಟ್ ಟೈಫೂನ್’ ಎಂದು ಹೆಸರಾದ ಚೀನೀ ಹ್ಯಾಕರ್‌ಗಳ ತಂಡ ಅಮೆರಿಕದ ದೊಡ್ಡ ದೂರವಾಣಿ ಕಂಪನಿಗಳ ಒಳಗೆ ನುಗ್ಗಿ ಕುಳಿತಿತ್ತು. ನ್ಯಾಯಾಲಯದ ಆದೇಶದ ಮೇಲೆ ಪೊಲೀಸರು ಕರೆ ಆಲಿಸಲೆಂದು ಇಟ್ಟುಕೊಂಡಿದ್ದ ವ್ಯವಸ್ಥೆಯೂ ಅವರ ಕೈಗೆ ಸಿಕ್ಕಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆಯೇ ಉನ್ನತ ಸ್ಥಾನದಲ್ಲಿರುವವರಿಗೆ ಹೇಳಿತು: ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇರುವ, ಅಂದರೆ ಮಾತಾಡುವ ತುದಿಗಳಲ್ಲಿ ಮಾತ್ರ ಕೀಲಿ ಇರುವ, ಆ್ಯಪ್‌ಗಳಲ್ಲೇ ಮಾತಾಡಿ. ನಡುವಿನವರಿಗೆಂದು ಒಂದು ಬಾಗಿಲು ಇಟ್ಟರೆ ಆ ಬಾಗಿಲಿನಿಂದ ಯಾರು ಬೇಕಾದರೂ ಒಳಬರಬಹುದು ಎಂಬ ಪಾಠವನ್ನು ಒಂದು ದೇಶ ಇಷ್ಟು ಬೆಲೆ ತೆತ್ತು ಕಲಿಯಿತು.

ತಟ್ಟೆಯಿಂದ ಗಣಿತಕ್ಕೆ

ಹಾಗಾದರೆ ಎರಡು ತುದಿಗಳವರಿಗೆ ಮಾತ್ರ ಗೊತ್ತಿರುವ ಕೀಲಿಯನ್ನು ಸೃಷ್ಟಿಸುವುದು ಹೇಗೆ? ಎರಡನೆಯ ಮಹಾಯುದ್ಧದಲ್ಲಿ ಈ ಸಮಸ್ಯೆಗೆ ಸಿಕ್ಕ ಉತ್ತರ ಸಿಗ್‌ಸಾಲಿ. 1943ರಲ್ಲಿ ವಾಷಿಂಗ್ಟನ್ ಮತ್ತು ಲಂಡನ್ನಿನ ನಡುವೆ ಗುಟ್ಟಿನ ಮಾತುಕತೆಗೆ ಶುರುವಾದ ಈ ಯಂತ್ರ 50 ಟನ್ನಿಗೂ ಹೆಚ್ಚು ತೂಗುತ್ತಿತ್ತು. ಲಂಡನ್ನಿನ ಯಂತ್ರವನ್ನು ಸೆಲ್ಫ್‌ರಿಜಸ್ ಮಳಿಗೆಯ ನೆಲಮಾಳಿಗೆಯಲ್ಲಿ ಕೂರಿಸಿದ್ದರು. ಮಾತನ್ನು ಕಲಸಿಹಾಕುವ ಗದ್ದಲವನ್ನು ಗ್ರಾಮಾಫೋನ್ ತಟ್ಟೆಗಳಲ್ಲಿ ಮುದ್ರಿಸಿ, ಒಂದೇ ತೆರನಾದ ಎರಡು ಪ್ರತಿಗಳನ್ನು ಎರಡೂ ಕಡೆ ಒಂದೇ ಗಳಿಗೆಯಲ್ಲಿ ನುಡಿಸಬೇಕಿತ್ತು. ಬಳಸಿದ ತಟ್ಟೆಯನ್ನು ನಾಶಮಾಡಬೇಕಿತ್ತು. ಗುಟ್ಟು ಭದ್ರವಾಗಿಯೇ ಇತ್ತು. ಆದರೆ ಆ ತಟ್ಟೆಗಳನ್ನು ಸಾಗರದಾಚೆಗೆ ಮೊದಲೇ ಕಾವಲಿನಲ್ಲಿ ಸಾಗಿಸಬೇಕಿತ್ತು. ಕೀಲಿಯನ್ನು ಮುಟ್ಟಿಸುವುದೇ ಕಷ್ಟದ ಕೆಲಸ.

1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಈ ಕಷ್ಟವನ್ನು ಗಣಿತದಿಂದ ದಾಟಿದರು. ಎಲ್ಲರೂ ಕೇಳುತ್ತಿರುವಾಗಲೇ ಇಬ್ಬರು ಗುಟ್ಟೊಂದನ್ನು ಹಂಚಿಕೊಳ್ಳಬಹುದು ಎಂಬ ಅವರ ಮಾತು ನಂಬಲಾಗದಂತಿತ್ತು. ಚಿಕ್ಕ ಲೆಕ್ಕ ಮಾಡಿ ನೋಡೋಣ. ಬೆಂಗಳೂರಿನ ಮಾಲೀಕರು, ಮಂಗಳೂರು ಶಾಖೆಯ ಲೆಕ್ಕಿಗರು ಇಬ್ಬರೂ 17 ಮತ್ತು 3 ಎಂಬ ಸಂಖ್ಯೆಗಳನ್ನು ಬಹಿರಂಗವಾಗಿ ಒಪ್ಪಿಕೊಳ್ಳುತ್ತಾರೆ. ಮಾಲೀಕರು ಮನಸ್ಸಿನಲ್ಲಿ 6 ಇಟ್ಟುಕೊಂಡು, 3ರ 6ನೆಯ ಘಾತವಾದ 729ನ್ನು 17ರಿಂದ ಭಾಗಿಸಿ, ಶೇಷ 15 ಎಂದು ಕಳಿಸುತ್ತಾರೆ. ಲೆಕ್ಕಿಗರ ಮನಸ್ಸಿನಲ್ಲಿ 7. 3ರ 7ನೆಯ ಘಾತ 2187, ಶೇಷ 11. ಅದನ್ನು ಅವರು ಕಳಿಸುತ್ತಾರೆ. ಈಗ ಮಾಲೀಕರು ತಮಗೆ ಬಂದ 11ನ್ನು 6ನೆಯ ಘಾತಕ್ಕೆ ಏರಿಸಿ 17ರಿಂದ ಭಾಗಿಸಿದರೆ ಶೇಷ 8. ಲೆಕ್ಕಿಗರು ತಮಗೆ ಬಂದ 15ನ್ನು 7ನೆಯ ಘಾತಕ್ಕೆ ಏರಿಸಿದರೂ ಶೇಷ ಅದೇ 8! ದಾರಿಯಲ್ಲಿ ಕದ್ದು ನೋಡಿದವನಿಗೆ 17, 3, 15, 11 ಇಷ್ಟೇ ಸಿಗುತ್ತವೆ. 8 ಎಂಬುದು ತಂತಿಯ ಮೇಲೆ ಓಡಾಡಲೇ ಇಲ್ಲ. ಇಷ್ಟು ಚಿಕ್ಕ ಸಂಖ್ಯೆಗಳಾದರೆ ಒಂದೊಂದಾಗಿ ಹಾಕಿ ನೋಡಿ ಕಂಡುಹಿಡಿಯಬಹುದು. ಸಂಖ್ಯೆಗಳು ನೂರಾರು ಅಂಕಿಗಳಷ್ಟು ಉದ್ದವಾದರೆ ಇಂದಿನ ಎಲ್ಲ ಕಂಪ್ಯೂಟರ್‌ಗಳು ಕೂಡಿ ಕೆಲಸಕ್ಕಿಳಿದರೂ ಆಗದು.

ಇವತ್ತಿನ ಆ್ಯಪ್‌ಗಳು ಇದೇ ಲೆಕ್ಕವನ್ನು ಎಲಿಪ್ಟಿಕ್ ವಕ್ರರೇಖೆಗಳ ಮೇಲೆ ಮಾಡುತ್ತವೆ; ಅಲ್ಲಿ 256 ಬಿಟ್‌ಗಳ ಪುಟ್ಟ ಕೀಲಿ ಸಾಕು. 2013ರಲ್ಲಿ ಟ್ರೆವರ್ ಪೆರಿನ್ ಮತ್ತು ಮಾಕ್ಸಿ ಮಾರ್ಲಿನ್‌ಸ್ಪೈಕ್ ಇದರ ಮೇಲೆ ‘ಡಬಲ್ ರ‍್ಯಾಚೆಟ್’ ಎಂಬ ವಿಧಾನ ಕಟ್ಟಿದರು. ಇದರಲ್ಲಿ ಪ್ರತಿ ಸಂದೇಶಕ್ಕೂ ಬೇರೆ ಕೀಲಿ. ಬಳಸಿದ್ದನ್ನು ಆ್ಯಪ್ ಅಳಿಸುತ್ತದೆ. ಇಂದಿನ ಕೀಲಿ ಕಳ್ಳನಿಗೆ ಸಿಕ್ಕರೂ ನಿನ್ನೆಯ ಸಂದೇಶ ತೆರೆಯದು. ಸಂಭಾಷಣೆ ಮುಂದುವರಿದಂತೆ ಹೊಸ ಡಿಫಿ-ಹೆಲ್ಮನ್ ಲೆಕ್ಕಗಳು ಬೆರೆಯುವುದರಿಂದ ನಾಳೆಯ ಸಂದೇಶವೂ ಅವನ ಕೈತಪ್ಪುತ್ತದೆ. ಸಿಗ್ನಲ್ ಆ್ಯಪಿನಲ್ಲಿ ಬೆಳೆದ ಈ ವಿಧಾನವನ್ನು ವಾಟ್ಸ್ಆ್ಯಪ್ 2016ರ ಏಪ್ರಿಲ್ ಹೊತ್ತಿಗೆ ತನ್ನ ಎಲ್ಲ ಬಳಕೆದಾರರಿಗೂ ಒದಗಿಸಿತು. ದೊಡ್ಡ ಗುಂಪುಗಳಿಗೆಂದೇ ರೂಪಿಸಿದ ಎಂಎಲ್ಎಸ್ ಎಂಬ ಮಾನಕ 2023ರಲ್ಲಿ ಪ್ರಕಟವಾಯಿತು. ನೂರಾರು ನೌಕರರ ಗುಂಪಿಗೆ ಒಬ್ಬರು ಸೇರಿದಾಗ, ಬಿಟ್ಟುಹೋದಾಗ ಕೀಲಿಯನ್ನು ಚುರುಕಾಗಿ ಬದಲಿಸುವುದು ಇದರ ಹೆಚ್ಚುಗಾರಿಕೆ. ಇಂದು ಕದ್ದಿಟ್ಟುಕೊಂಡು ಮುಂದೆ ಕ್ವಾಂಟಂ ಕಂಪ್ಯೂಟರ್ ಬಂದಾಗ ಬಿಡಿಸುವವರನ್ನು ಎದುರಿಸಲೆಂದು ಸಿಗ್ನಲ್ ಅದೇ ವರ್ಷ ತನ್ನ ಆರಂಭದ ಕೀಲಿ ವಿನಿಮಯಕ್ಕೆ ಹೊಸ ಗಣಿತದ ಪದರವನ್ನೂ ಸೇರಿಸಿತು.

ಗಣಿತ ಎಷ್ಟೇ ಗಟ್ಟಿಯಾದರೂ ಒಂದು ಕೆಲಸ ಅದರಿಂದಾಗದು. ಆ ತುದಿಯಲ್ಲಿರುವವರು ನಿಜಕ್ಕೂ ಲೆಕ್ಕಿಗರೇ, ಅಥವಾ ನಡುವೆ ನುಸುಳಿದವನು ಇಬ್ಬರೊಡನೆಯೂ ಬೇರೆ ಬೇರೆ ಲೆಕ್ಕ ಮಾಡುತ್ತಿದ್ದಾನೆಯೇ? ಇದನ್ನು ಮನುಷ್ಯರೇ ಪರೀಕ್ಷಿಸಬೇಕು. ಸಿಗ್ನಲ್ ಮತ್ತು ವಾಟ್ಸ್ಆ್ಯಪ್‌ಗಳಲ್ಲಿ ಪ್ರತಿ ಸಂಪರ್ಕಕ್ಕೂ 60 ಅಂಕಿಗಳ ಭದ್ರತಾ ಸಂಖ್ಯೆ ಇರುತ್ತದೆ. ಎದುರುಬದುರು ಕುಳಿತು ಒಮ್ಮೆ ತಾಳೆ ನೋಡಿದರೆ ನಡುವೆ ಯಾರೂ ಇಲ್ಲವೆಂದು ಖಾತ್ರಿ. ಕೋಟಿಗಟ್ಟಲೆ ಹಣ ಒಂದು ಸಂದೇಶದ ಮೇಲೆ ವರ್ಗಾವಣೆಯಾಗುವ ಕಚೇರಿಯಲ್ಲೂ ಈ ಎರಡು ನಿಮಿಷದ ಕೆಲಸ ಮಾಡಿದವರು ವಿರಳ.

ಮುಚ್ಚಿದರೂ ಸೋರುವುದು

ಪ್ಯಾಕೆಟ್‌ನ ಒಳಗಿನದನ್ನು ಮುಚ್ಚಿದರೂ ಅದರ ಗಾತ್ರ ಕಾಣುತ್ತದೆ. ಕೆಲವು ಧ್ವನಿ ಸಂಕೋಚನ ವಿಧಾನಗಳು ‘ಆ’ದಂಥ ತುಂಬು ಸ್ವರಕ್ಕೆ ಹೆಚ್ಚು ಬಿಟ್, ‘ಸ’ದಂಥ ಉಸಿರಿನ ಧ್ವನಿಗೆ ಕಡಿಮೆ ಬಿಟ್ ಬಳಸುತ್ತವೆ. ಹಾಗಾದಾಗ ಪ್ಯಾಕೆಟ್‌ಗಳ ಉದ್ದಗಿಡ್ಡಗಳೇ ಮಾತಿನ ನೆರಳಾಗುತ್ತವೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಈ ನೆರಳನ್ನಷ್ಟೇ ನೋಡಿ, ಎನ್‌ಕ್ರಿಪ್ಟ್ ಆದ ಕರೆಯಲ್ಲಿ ತಾವು ಹುಡುಕುತ್ತಿದ್ದ ವಾಕ್ಯಗಳನ್ನು ಸರಾಸರಿ ಶೇಕಡಾ 50ರಷ್ಟು ನಿಖರತೆಯಿಂದ, ಕೆಲವನ್ನು ಶೇಕಡಾ 90ಕ್ಕಿಂತ ಹೆಚ್ಚಿನ ನಿಖರತೆಯಿಂದ ಗುರುತಿಸಿದರು. ಒಂದಕ್ಷರವನ್ನೂ ಬಿಡಿಸದೆ! ಎಲ್ಲ ಪ್ಯಾಕೆಟ್‌ಗಳನ್ನೂ ಒಂದೇ ಗಾತ್ರ ಮಾಡುವುದು ಇದಕ್ಕೆ ಮದ್ದು. ಸ್ವಲ್ಪ ಡೇಟಾ ಹೆಚ್ಚು ಖರ್ಚಾದರೂ ಗುಟ್ಟು ಉಳಿಯುತ್ತದೆ.

ಯಾರು, ಯಾರಿಗೆ, ಯಾವಾಗ, ಎಷ್ಟು ಹೊತ್ತು ಎಂಬ ಮೇಲ್ವಿವರಗಳೂ ಮಾತಾಡುತ್ತವೆ. ಒಂದು ಕಂಪನಿಯ ಹಣಕಾಸು ಮುಖ್ಯಸ್ಥರು ವಿಲೀನದ ವಕೀಲರಿಗೆ ಒಂದೇ ವಾರದಲ್ಲಿ ದಿನಾಲೂ ತಡರಾತ್ರಿ ಕರೆ ಮಾಡಿದ್ದಾರೆಂದು ತಿಳಿದರೆ ಷೇರುಪೇಟೆಯ ಜೂಜುಗಾರನಿಗೆ ಮಾತು ಕೇಳಿಸಿಕೊಳ್ಳುವ ಅಗತ್ಯವೇ ಇಲ್ಲ.

ತುದಿಯಲ್ಲಿ ಬೀಳುವ ಕನ್ನ

ದಾರಿ ಭದ್ರವಾದಂತೆ ಕಳ್ಳರು ಮನೆಯತ್ತ ತಿರುಗಿದರು. 2019ರ ಮೇ ತಿಂಗಳಲ್ಲಿ ವಾಟ್ಸ್ಆ್ಯಪ್ ತನ್ನ ಕರೆ ಸ್ವೀಕರಿಸುವ ತಂತ್ರಾಂಶದಲ್ಲೇ ದೋಷವೊಂದನ್ನು ಪತ್ತೆಮಾಡಿತು. ಇಸ್ರೇಲಿನ ಎನ್ಎಸ್ಒ ಕಂಪನಿಯ ಪೆಗಾಸಸ್ ಗೂಢಚಾರ ತಂತ್ರಾಂಶ ಆ ದೋಷದ ಮೂಲಕ ಸುಮಾರು 1,400 ಫೋನುಗಳನ್ನು ಗುರಿಮಾಡಿತ್ತು. ಕರೆ ಬಂದರೆ ಸಾಕು, ಎತ್ತಬೇಕಾಗಿಯೂ ಇರಲಿಲ್ಲ. ಗುರಿಯಾದವರಲ್ಲಿ ಭಾರತದ ಪತ್ರಕರ್ತರು, ಹೋರಾಟಗಾರರು ಇದ್ದರು. ಎನ್‌ಕ್ರಿಪ್ಷನ್ ಮುರಿಯಲಿಲ್ಲ, ಮಾತು ಬಿಚ್ಚಿಕೊಂಡು ತೆರೆಯ ಮೇಲೆ ಮೂಡುವ ಜಾಗಕ್ಕೇ ಕನ್ನ ಬಿತ್ತು.

2023ರ ಮಾರ್ಚ್ ತಿಂಗಳ ಘಟನೆ ವ್ಯಾಪಾರದ ಫೋನಿಗೇ ಸಂಬಂಧಿಸಿದ್ದು. ಲಕ್ಷಾಂತರ ಕಂಪನಿಗಳು ಬಳಸುವ 3ಸಿಎಕ್ಸ್ ಎಂಬ ಫೋನ್ ವ್ಯವಸ್ಥೆಯ ಡೆಸ್ಕ್‌ಟಾಪ್ ಆ್ಯಪ್‌ನೊಳಗೆ ಉತ್ತರ ಕೊರಿಯಾದ ಜೊತೆ ನಂಟಿರುವ ಹ್ಯಾಕರ್‌ಗಳು ವಿಷ ಬೆರೆಸಿದ್ದರು. ಕಂಪನಿಯದೇ ಡಿಜಿಟಲ್ ಸಹಿ ಹೊತ್ತ ಅಧಿಕೃತ ಅಪ್‌ಡೇಟ್‌ನಲ್ಲೇ ಅದು ಗ್ರಾಹಕರಿಗೆ ತಲುಪಿತು. ತನಿಖೆ ನಡೆಸಿದ ಮ್ಯಾಂಡಿಯಂಟ್ ಸಂಸ್ಥೆಗೆ ಮೂಲ ಸಿಕ್ಕಿದ್ದು ನೌಕರರೊಬ್ಬರ ಸ್ವಂತ ಕಂಪ್ಯೂಟರಿನಲ್ಲಿ. ಷೇರು ವಹಿವಾಟಿನ ಬೇರೊಂದು ತಂತ್ರಾಂಶವನ್ನು ಅವರು ಇಳಿಸಿಕೊಂಡಿದ್ದರು, ಅದು ಮೊದಲೇ ಕೆಟ್ಟಿತ್ತು. ಒಂದು ಕಂಪನಿಯ ಸೋಂಕು ಇನ್ನೊಂದು ಕಂಪನಿಗೆ, ಅಲ್ಲಿಂದ ಅದರ ಗ್ರಾಹಕರಿಗೆ ದಾಟಿತ್ತು.

ದಾಖಲೆ ಬೇಕು, ಗುಟ್ಟೂ ಬೇಕು

ಗೆಳೆಯರಿಬ್ಬರ ಹರಟೆಗೂ ಕಂಪನಿಯ ಮಾತುಕತೆಗೂ ಇಲ್ಲಿ ದಾರಿ ಕವಲೊಡೆಯುತ್ತದೆ. ಗೆಳೆಯರಿಗೆ ಸಂದೇಶ ಅಳಿದುಹೋದರೆ ಒಳ್ಳೆಯದೇ. ಕಂಪನಿಗೆ ಹಾಗಲ್ಲ. ಷೇರು ದಲ್ಲಾಳಿಯು ಗ್ರಾಹಕರಿಗೆ ಏನು ಭರವಸೆ ಕೊಟ್ಟ, ಆಸ್ಪತ್ರೆಯವರು ರೋಗಿಗೆ ಯಾವ ಔಷಧಿ ಹೇಳಿದರು ಎಂಬುದು ಉಳಿಯಬೇಕು. ಇಲ್ಲದಿದ್ದರೆ ಅನ್ಯಾಯವಾದವರಿಗೆ ಸಾಕ್ಷಿಯೇ ಇರುವುದಿಲ್ಲ. ವಾಲ್ ಸ್ಟ್ರೀಟಿನ 16 ಸಂಸ್ಥೆಗಳ ನೌಕರರು ಸ್ವಂತ ಫೋನಿನ ಆ್ಯಪ್‌ಗಳಲ್ಲಿ ವ್ಯವಹಾರ ಮಾತಾಡಿ ದಾಖಲೆ ಇಡದೆ ಹೋದದ್ದಕ್ಕೆ ಅಮೆರಿಕದ ಷೇರು ನಿಯಂತ್ರಕರು 2022ರ ಸೆಪ್ಟೆಂಬರಿನಲ್ಲಿ ಒಟ್ಟು 110 ಕೋಟಿ ಡಾಲರಿಗೂ ಹೆಚ್ಚು ದಂಡ ಹಾಕಿದರು.

ಆದರೆ ದಾಖಲೆ ಇಡುವವನ ಕೈಗೆ ಕೀಲಿಯೂ ಹೋಗುತ್ತದೆ. ಅದು ಎಷ್ಟು ಅಪಾಯಕಾರಿ ಎಂಬುದನ್ನು 2025ರ ಮೇ ತಿಂಗಳು ತೋರಿಸಿತು. ಟೆಲಿಮೆಸೇಜ್ ಎಂಬ ಕಂಪನಿ ಸಿಗ್ನಲ್ ಆ್ಯಪನ್ನು ತಿದ್ದಿ, ಪ್ರತಿ ಸಂದೇಶದ ನಕಲನ್ನು ಸರ್ವರಿನಲ್ಲಿ ಕೂಡಿಡುವ ರೂಪವೊಂದನ್ನು ಮಾರುತ್ತಿತ್ತು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದ ಮೈಕ್ ವಾಲ್ಟ್ಸ್ ಸಂಪುಟ ಸಭೆಯಲ್ಲಿ ಅದನ್ನು ಬಳಸುತ್ತಿದ್ದುದು ಪತ್ರಿಕಾ ಛಾಯಾಚಿತ್ರದಲ್ಲಿ ಸಿಕ್ಕಿಬಿತ್ತು. ಕೆಲವೇ ದಿನಗಳಲ್ಲಿ ಹ್ಯಾಕರ್ ಒಬ್ಬ ಟೆಲಿಮೆಸೇಜ್‌ನ ಸರ್ವರಿಗೆ ನುಗ್ಗಿ ಸಂದೇಶಗಳನ್ನು ಎತ್ತಿಕೊಂಡ. ಸಿಗ್ನಲ್‌ನ ಗಣಿತ ಮೊದಲಿನಂತೆಯೇ ಗಟ್ಟಿಯಾಗಿತ್ತು. ಆದರೆ ಅದು ಕಾಯುತ್ತಿದ್ದ ಮಾತಿನ ನಕಲು ಇನ್ನೆಲ್ಲೋ ಬಿಚ್ಚಿ ಬಿದ್ದಿತ್ತು.

ಮಾರುವವರ ಮಾತನ್ನು ಅಕ್ಷರಶಃ ನಂಬುವಂತೆಯೂ ಇಲ್ಲ. ಕೊರೋನಾ ವರ್ಷದಲ್ಲಿ ಜಗತ್ತಿನ ಕಚೇರಿಗಳೆಲ್ಲ ಜೂಮ್‌ಗೆ ಹೋದಾಗ, ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದೆಯೆಂದು ಆ ಕಂಪನಿ ಹೇಳಿಕೊಂಡಿತ್ತು. ಕೀಲಿಗಳು ಮಾತ್ರ ಅದರ ಸರ್ವರಿನಲ್ಲೇ ಇದ್ದವು ಎಂದು ಅಮೆರಿಕದ ವ್ಯಾಪಾರ ಆಯೋಗ 2020ರ ನವೆಂಬರಿನಲ್ಲಿ ಆರೋಪಿಸಿತು. ಭದ್ರತೆ ಬಿಗಿಗೊಳಿಸುವ ಷರತ್ತಿಗೆ ಜೂಮ್ ಒಪ್ಪಿಕೊಂಡಿತು. ನಿಜವಾದ ಎಂಡ್-ಟು-ಎಂಡ್ ಸೌಲಭ್ಯ ಅದರಲ್ಲಿ ಬಂದದ್ದು 2020ರ ಅಕ್ಟೋಬರಿನಲ್ಲಿ.

ಈ ಇಕ್ಕಟ್ಟಿಗೆ ಪ್ರಾಮಾಣಿಕ ಉತ್ತರವಿದೆ: ಮಾತುಕತೆಯನ್ನು ವಿಂಗಡಿಸುವುದು. ಗ್ರಾಹಕ ಸೇವೆಯ ಕರೆಯನ್ನು ರೆಕಾರ್ಡ್ ಮಾಡಿ, ಹಾಗೆಂದು ಗ್ರಾಹಕರಿಗೆ ಹೇಳಿ. ದಾಖಲೆಯನ್ನು ಕಂಪನಿಯದೇ ಕೀಲಿಯಿಂದ ಮುಚ್ಚಿಡಿ, ಎಷ್ಟು ದಿನ ಬೇಕೋ ಅಷ್ಟೇ ದಿನ ಇಟ್ಟು ಅಳಿಸಿ. ಬೆಲೆ, ವೇತನ, ಕಾನೂನು ಸಲಹೆ, ರೋಗಿಯ ವಿವರದಂಥ ಒಳಮಾತುಗಳಿಗೆ ಎಂಡ್-ಟು-ಎಂಡ್ ಇರುವ ದಾರಿ ಬಳಸಿ. ದಾಖಲೆ ಬೇಕಾದ ತೀರ್ಮಾನವನ್ನು ಪತ್ರದಲ್ಲಿ ಬರೆದಿಡಿ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರ ಮಾಹಿತಿಗೆ ಅದನ್ನು ಸಂಗ್ರಹಿಸಿದ ಸಂಸ್ಥೆಯೇ ಹೊಣೆ. ಸಂಗ್ರಹಿಸದೆ ಬಿಟ್ಟದ್ದು ಸೋರಿಹೋಗುವ ಭಯವೇ ಇಲ್ಲ.

ಸ್ವಂತ ಫೋನಿನಲ್ಲಿ ಕಚೇರಿ

ಈ ತಂತ್ರಜ್ಞಾನದಲ್ಲಿ ಸಿಕ್ಕಿಕೊಂಡ ನೌಕರರ ಬಗ್ಗೆ ನಾವು ಮಾತಾಡುವುದು ಕಡಿಮೆ. ಹೆಚ್ಚಿನವರು ಕಚೇರಿಯ ಆ್ಯಪನ್ನು ಸ್ವಂತ ದುಡ್ಡಿನಲ್ಲಿ ಕೊಂಡ ಫೋನಿನಲ್ಲೇ ಹಾಕಿಕೊಳ್ಳುತ್ತಾರೆ. ಸಾಲದ ಕಂತು ಕೇಳಲು, ಸರಕು ತಲುಪಿಸಲು ಕರೆ ಮಾಡುವ ಯುವತಿಯ ಸ್ವಂತ ನಂಬರ್ ನೂರಾರು ಅಪರಿಚಿತರ ಕೈ ಸೇರುವುದನ್ನು ತಡೆಯುವುದು ಕಂಪನಿಯ ಕರ್ತವ್ಯ. ಕಚೇರಿ ನಂಬರಿನಿಂದಲೇ ಕರೆ ಹೋಗುವ ಆ್ಯಪಿನ ದೊಡ್ಡ ಉಪಕಾರ ಇದೇ ಎಂದು ನಾನು ನಂಬುತ್ತೇನೆ. ಅದೇ ಹೊತ್ತಿಗೆ ಆ ಆ್ಯಪ್ ಆಕೆಯ ಫೋಟೊ, ಸಂಪರ್ಕ, ಓಡಾಟದ ಮೇಲೆ ಕಣ್ಣಿಡಕೂಡದು. ಆ್ಯಂಡ್ರಾಯ್ಡ್‌ನಲ್ಲಿ 2014ರಿಂದ ‘ವರ್ಕ್ ಪ್ರೊಫೈಲ್’ ಎಂಬ ಬೇರೆ ಕೋಣೆಯೇ ಇದೆ. ಕಚೇರಿಯ ಆ್ಯಪ್‌ಗಳು ಅದರೊಳಗೆ, ಸ್ವಂತದ್ದು ಹೊರಗೆ. ಕೆಲಸ ಬಿಟ್ಟ ದಿನ ಕಂಪನಿ ಆ ಕೋಣೆಯನ್ನಷ್ಟೇ ದೂರದಿಂದ ಅಳಿಸಬಹುದು. ಮನೆಯವರ ಫೋಟೊಗಳನ್ನು ಮುಟ್ಟಲಾಗದು. ಬಿಟ್ಟುಹೋದವರ ಖಾತೆಯನ್ನು ಅದೇ ದಿನ ಮುಚ್ಚುವ, ಸಂದೇಶದ ಗುಂಪಿನಿಂದ ಅವರನ್ನು ತೆಗೆಯುವ ಶಿಸ್ತು ಬಹಳ ಕಚೇರಿಗಳಲ್ಲಿ ಇಲ್ಲ. ಗುಂಪಿನಲ್ಲಿ ಯಾರಿದ್ದಾರೆಂದು ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2025ರ ಮಾರ್ಚ್ ಸಾಕ್ಷಿ: ಯೆಮೆನ್ ಮೇಲಿನ ದಾಳಿಯನ್ನು ಚರ್ಚಿಸುತ್ತಿದ್ದ ಅಮೆರಿಕದ ಸಚಿವರ ಸಿಗ್ನಲ್ ಗುಂಪಿಗೆ ‘ದಿ ಅಟ್ಲಾಂಟಿಕ್’ ಪತ್ರಿಕೆಯ ಸಂಪಾದಕರನ್ನೇ ತಪ್ಪಿ ಸೇರಿಸಿಬಿಟ್ಟಿದ್ದರು.

ಹತ್ತು ಜನರ ಕಂಪನಿಗೂ ಇದೆಲ್ಲ ಎಟುಕುವಂಥದ್ದೇ. ಆ್ಯಪ್ ಕೊಳ್ಳುವ ಮೊದಲು ಮಾರುವವರನ್ನು ಕೇಳಬೇಕು: ನಮ್ಮ ಮಾತು ನಿಮ್ಮ ಸರ್ವರಿನಲ್ಲಿ ಬಿಚ್ಚಿಕೊಳ್ಳುತ್ತದೆಯೇ? ರೆಕಾರ್ಡಿಂಗ್ ಎಲ್ಲಿರುತ್ತದೆ, ಅದನ್ನು ತೆರೆಯುವ ಕೀಲಿ ಯಾರದ್ದು? ಬ್ಯಾಕಪ್ ಮುಚ್ಚಿರುತ್ತದೆಯೇ? ಲಾಗಿನ್‌ಗೆ ಎಸ್ಎಂಎಸ್ ಒಟಿಪಿಗಿಂತ ಗಟ್ಟಿಯಾದ ದಾರಿ ಇದೆಯೇ? ದೋಷ ಸಿಕ್ಕರೆ ಎಷ್ಟು ಬೇಗ ಹೇಳುತ್ತೀರಿ? ನೇರ ಉತ್ತರ ಕೊಡುವವರು ತಮ್ಮ ವ್ಯವಸ್ಥೆಯ ಮಿತಿಯನ್ನೂ ಹೇಳುತ್ತಾರೆ. ‘ಎಲ್ಲವೂ ಸುರಕ್ಷಿತ’ ಎಂದು ತೇಲಿಸುವವರಿಂದ ದೂರವಿರುವುದು ಕ್ಷೇಮ. ಗ್ರಾಹಕರು ತಮ್ಮ ಕಾಯಿಲೆ, ಸಾಲ, ಸಂಕಟಗಳನ್ನು ಕಂಪನಿಯೊಂದಕ್ಕೆ ಫೋನಿನಲ್ಲಿ ಹೇಳಿಕೊಳ್ಳುವುದು ಬೇರೆ ದಾರಿಯಿಲ್ಲದೆ. ಆ ಮಾತಿನ ಕೀಲಿಯನ್ನು ಯಾರ ಕೈಗೆ ಕೊಡುತ್ತಿದ್ದೇವೆ ಎಂಬುದನ್ನು ತಿಳಿದುಕೊಳ್ಳದೆ ಯಾವ ಸಂಸ್ಥೆಯೂ ಆ ಫೋನನ್ನು ಎತ್ತಬಾರದು.